ಬಾಬುವಿನ ಬೈತಲೆ, ಪಟುವಾನ ಕುಂಚ

ಹತ್ತೊಂಬತ್ತನೇ ಶತಮಾನದಲ್ಲಿ ಕಲ್ಕತ್ತದ ಕಾಳಿ ಗುಡಿಗೆ ಬಂದ ಯಾತ್ರಿಕರು ಊರಿಗೆ ಮರಳುವಾಗ ಪ್ರಸಾದದ ಜೊತೆಗೆ ಒಂದು ಚಿತ್ರವನ್ನೂ ಒಯ್ಯುತ್ತಿದ್ದರು. ಹೆಚ್ಚಾಗಿ ಅದು ಕಾಳಿಯದೋ ಶಿವನದೋ ಆಗಿರುತ್ತಿತ್ತು. ಆದರೆ ಅದೇ ಅಂಗಡಿಯಲ್ಲಿ, ದೇವರ ಪಕ್ಕದಲ್ಲೇ, ಒಬ್ಬ ಷೋಕಿಲಾಲನೂ ಮಾರಾಟಕ್ಕಿರುತ್ತಿದ್ದ. ಬೈತಲೆ ತೆಗೆದು ಬಾಚಿದ ಕ್ರಾಪು, ನೆರಿಗೆ ಹಿಡಿದ ಧೋತ್ರ, ಹೆಗಲಿಗೆ ಶಾಲು, ಕಾಲಿಗೆ ವಿಲಾಯಿತಿ ಬೂಟು, ಕೈಯಲ್ಲಿ ಹುಕ್ಕಾ. ಕೂತಿದ್ದು ಇಂಗ್ಲಿಷ್ ಮಾದರಿಯ ಕುರ್ಚಿಯ ಮೇಲೆ!

ಇವನೇ ಕಲ್ಕತ್ತದ ಬಾಬು. 1793ರ ಖಾಯಂ ಜಮೀನ್ದಾರಿ ಪದ್ಧತಿಯಿಂದಲೋ ಕಂಪನಿಯವರ ದಲ್ಲಾಳಿತನದಿಂದಲೋ ಅಪ್ಪ, ತಾತ ಕೂಡಿಟ್ಟ ದುಡ್ಡನ್ನು ಕರಗಿಸುವುದೇ ಇವನ ಕಸುಬು. ಇವನ ಕ್ರಾಪಿಗೆ ‘ಆಲ್ಬರ್ಟ್’ ಎಂದು ಹೆಸರು. ವಿಕ್ಟೋರಿಯಾ ರಾಣಿಯ ಗಂಡನ ತಲೆ ಬಂಗಾಳದ ತಲೆಗಳಿಗೆ ಮಾದರಿಯಾಗಿತ್ತು. ಒಬ್ಬ ಬಾಚಿದಂತೆ ಇನ್ನೊಬ್ಬ.

ಇವನನ್ನು ಬರೆದವರು ಪಟುವಾಗಳು. ಹಳ್ಳಿಗಳಲ್ಲಿ ಉದ್ದನೆಯ ಸುರುಳಿ ಚಿತ್ರ ಬಿಚ್ಚುತ್ತಾ ಹಾಡಿ ಕಥೆ ಹೇಳುತ್ತಿದ್ದ ಜನ. ಈಗಿರುವ ಕಾಳಿ ಗುಡಿ 1809ರಲ್ಲಿ ಕಟ್ಟಿ ಮುಗಿದ ಮೇಲೆ ಜಾತ್ರೆಯ ವ್ಯಾಪಾರ ಹುಡುಕಿಕೊಂಡು ಇಲ್ಲಿಗೆ ಬಂದರು. ಪೇಟೆಯಲ್ಲಿ ಸುರುಳಿ ಬಿಚ್ಚುವಷ್ಟು ಪುರುಸೊತ್ತು ಯಾರಿಗಿದೆ? ಗಿರಣಿಯ ಅಗ್ಗದ ಕಾಗದದ ಬಿಡಿ ಹಾಳೆ, ನೀರಿನ ಬಣ್ಣ, ನಾಲ್ಕಾರು ಬೀಸು ಗೆರೆ. ಮನೆಮಂದಿಯೆಲ್ಲ ಕೂತು ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬುತ್ತಿದ್ದರು. ಬೆಲೆ ಕೆಲವೇ ಕಾಸು.

ಒಂದು ಚಿತ್ರದಲ್ಲಿ ಬಾಬು ಕುರಿಯಾಗಿದ್ದಾನೆ, ಅವನ ಪ್ರೇಯಸಿ ಹಗ್ಗ ಹಿಡಿದಿದ್ದಾಳೆ. ಇನ್ನೊಂದರಲ್ಲಿ ಪೊರಕೆ ಏಟು. ಹಣೆಗೆ ನಾಮ ಹಚ್ಚಿ ಬಾಯಲ್ಲಿ ಸಿಗಡಿ ಕಚ್ಚಿದ ಬೆಕ್ಕಂತೂ ಢೋಂಗಿ ಭಕ್ತರಿಗೆ ಕೊಟ್ಟ ಪೆಟ್ಟು. ಪುಸ್ತಕಗಳೂ ಇದೇ ಕೆಲಸ ಮಾಡಿದವು. ‘ಹುತೋಮ್ ಪ್ಯಾಂಚಾರ್ ನಕ್ಷಾ’ ಬರೆದು ಬಾಬುಗಳ ಮಾನ ಹರಾಜು ಹಾಕಿದ ಕಾಳಿಪ್ರಸನ್ನ ಸಿಂಹ ಸ್ವತಃ ಶ್ರೀಮಂತ ಮನೆತನದವನು. ಒಳಗಿನ ಸುದ್ದಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪಟುವಾಗಳ ನಗೆಯೆಲ್ಲ ನ್ಯಾಯವಾದದ್ದೇನಲ್ಲ. ಗಂಡನ ಮೇಲೆ ಕೈ ಮಾಡುವ ಹೆಂಡತಿ, ಕುರ್ಚಿ ಏರಿದ ಹೊಸ ಕಾಲದ ಹೆಣ್ಣು ಅವರಿಗೆ ಲೋಕ ಕೆಟ್ಟಿತೆಂಬುದಕ್ಕೆ ಸಾಕ್ಷಿ. ಬಾಬುವಿನ ಬೂಟಿಗೆ ನಕ್ಕಷ್ಟೇ ಸಲೀಸಾಗಿ ಅವಳಿಗೂ ನಕ್ಕರು.

ವಿಚಿತ್ರವೆಂದರೆ, ಕೊನೆಗೆ ಅವರ ಅನ್ನ ಕಸಿದದ್ದೂ ಒಂದು ಫ್ಯಾಷನ್ನೇ. ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯಲ್ಲಿ ಅಚ್ಚಾದ, ಮಿರಮಿರ ಮಿಂಚುವ ದೇವರ ಪಟಗಳು ಬಜಾರಿಗೆ ಬಂದವು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಶುರುವಾಯಿತು. ಅಲ್ಲಿನ ಲಕ್ಷ್ಮಿ, ಸರಸ್ವತಿಯರು ಮೈಸೂರು ಸೀಮೆಯ ದೇವರ ಮನೆಗಳಿಗೂ ಬಂದರು. ಪಕ್ಕದ ಮನೆಯಲ್ಲಿ ಮಿಂಚುವ ಪಟ ತೂಗುತ್ತಿರುವಾಗ ಕೈಯಲ್ಲಿ ಬರೆದ ಹಾಳೆ ಯಾರಿಗೆ ಬೇಕು? ಅಚ್ಚಿನ ವೇಗಕ್ಕೆ ಕುಂಚ ಸಮನಾಗಲಿಲ್ಲ. ಪಟುವಾಗಳ ಮಕ್ಕಳು ಬೇರೆ ಕಸುಬು ಹಿಡಿದರು. 1930ರ ಸುಮಾರಿಗೆ ಕಾಳಿಘಾಟ್‌ನ ಅಂಗಡಿಗಳಲ್ಲಿ ಬಾಬು ಸಿಗದಾದ.

ಅಷ್ಟರಲ್ಲಿ ಅವನು ವಿಲಾಯಿತಿ ಸೇರಿಯಾಗಿತ್ತು. ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ತನ್ನ ತಂದೆ ಭಾರತದಲ್ಲಿ ಕೊಂಡಿದ್ದ ಕಾಳಿಘಾಟ್ ಚಿತ್ರಗಳನ್ನು 1917ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯವೊಂದಕ್ಕೆ ಕೊಟ್ಟ. ಆ ಸಂಗ್ರಹಾಲಯದ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್.