ಮಗ್ಗದ ನಂಟು

ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ರಬಕವಿ ಸಾಂಗ್ಲಿ ಸಂಸ್ಥಾನಕ್ಕೂ ಸೇರಿದ್ದವು. 1948ರ ವಿಲೀನಕ್ಕೆ ಮುನ್ನವೇ ಎರಡೂ ನೇಕಾರಿಕೆಗೆ ಹೆಸರಾಗಿದ್ದವು. ಕೈಮಗ್ಗದ ಕಾಲದಲ್ಲಿ ನೇಕಾರನ ಮನೆಯೇ ಕಾರ್ಯಶಾಲೆ. ಗಂಡನು ಕುಣಿಮಗ್ಗದಲ್ಲಿ ಕುಳಿತು ನೇಯ್ದರೆ ಹೆಂಡತಿ ಕಂಡಿಕೆ ಸುತ್ತುವಳು, ವೃದ್ಧರು ಸಿಕ್ಕಾದ ನೂಲು ಬಿಡಿಸುವರು. ಒಂದು ಸೀರೆಯಲ್ಲಿ ಮನೆಮಂದಿಯೆಲ್ಲರ ಕೈಗುಣವಿತ್ತು. ವಿದ್ಯುತ್ ಮಗ್ಗ ಬಂದ ಬಳಿಕ ಅನೇಕರು ಪರರ ಮಗ್ಗದ ಮುಂದೆ ಕೂಲಿಗೆ ನಿಂತರು. ಮಾಲೀಕರು ಮುಂಗಡ ಕೊಟ್ಟು ಅವರನ್ನು ಉಳಿಸಿಕೊಂಡರು. ಅದನ್ನೇ ಬಾಂಧವ್ಯವೆಂದೂ ಬಗೆದರು. ಆಪತ್ತಿನಲ್ಲಿ ಆ ಹಣ ನೇಕಾರನಿಗೆ ಆಸರೆಯಾದದ್ದೂ ನಿಜವೇ. ಆದರೆ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ, ಅತಿಭಾರಾರೋಪಣಗಳನ್ನು ಎಣಿಸಿದೆ. ಶ್ರಾವಕ ವರ್ತಕರು ಇದನ್ನು ಎತ್ತು-ಕುದುರೆಗಳಿಗೆ ಹೇಳಿದ್ದೆಂದು ಓದುವುದೇ ಹೆಚ್ಚು. ಬಾಕಿ ತೀರುವತನಕ ಬೇರೆ ಮಗ್ಗಕ್ಕೆ ಹೋಗಲಾರದ ನೇಕಾರನಿಗೆ ಅದು ಅನ್ವಯಿಸದೇ?