70 ಓಫಿಯೂಕಿ: ಜೋಡಿತಾರೆಯ ಗ್ರಹವಿವಾದ

70 ಓಫಿಯೂಕಿ ಉರಗಧರ ನಕ್ಷತ್ರಪುಂಜದ ಒಂದು ಜೋಡಿತಾರೆ. ದೂರ ಸುಮಾರು 16.7 ಜ್ಯೋತಿರ್ವರ್ಷ. ಇದರ ಎರಡೂ ಕಿತ್ತಳೆ ಬಣ್ಣದ ತಾರೆಗಳು ಸೂರ್ಯನಿಗಿಂತ ಸಣ್ಣವು; ಒಂದು ಸುತ್ತಿಗೆ ಅವಕ್ಕೆ ಸುಮಾರು 88 ವರ್ಷ ಹಿಡಿಯುತ್ತದೆ. ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯಲ್ಲಿ ಇದು ನೆತ್ತಿಯಿಂದ ಸುಮಾರು 14 ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತದೆ. ದೀಪದ ಬೆಳಕು ಅಡ್ಡಬರದ ಹೊಲಗಳಿಂದ ಬರಿಗಣ್ಣಿಗೇ ಕಾಣುತ್ತದೆ. ಇದು ಜೋಡಿಯೆಂದು 18ನೇ ಶತಮಾನದ ಕೊನೆಯಲ್ಲಿ ಗುರುತಿಸಿದವನು ವಿಲಿಯಂ ಹರ್ಷೆಲ್.

ಗ್ರಹದ ಮಾತು ಮೊದಲು ಎದ್ದದ್ದು ಮದ್ರಾಸಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯದ ಮುಖ್ಯಸ್ಥ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್, ಲೆಕ್ಕ ಹಾಕಿದ ಕಕ್ಷೆಗೂ ಅಳೆದ ಸ್ಥಾನಗಳಿಗೂ ತಾಳೆಯಾಗದ್ದನ್ನು ಕಂಡು, 1855ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಈ ಜೋಡಿಗೆ ಸೇರಿದ ಗ್ರಹದಂಥ ಕಾಯವೊಂದು ಇರುವ ಸಂಭವ ಹೆಚ್ಚು ಎಂಬುದಷ್ಟೇ ಅವನ ವಾದ. ಗ್ರಹ ಸಿಕ್ಕಿತೆಂದು ಅವನು ಸಾರಲಿಲ್ಲ. ಈ ಎಚ್ಚರವನ್ನು ಗಮನಿಸದೆ ಅವನ ಬರಹವನ್ನು ಮುಂದಿನವರ ಘೋಷಣೆಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆಗ ಅಳತೆಯೆಲ್ಲ ಕಣ್ಣು ಮತ್ತು ಮೈಕ್ರೊಮೀಟರಿನಿಂದ; ಹುಡುಕುತ್ತಿದ್ದ ಅಲುಗಾಟ ಕೋನೀಯ ಸೆಕೆಂಡಿನ ಸಣ್ಣ ಪಾಲು. ಹಲವು ವೀಕ್ಷಕರ ಅಳತೆಗಳಲ್ಲಿ ಸೇರಿಕೊಂಡಿದ್ದ ದೋಷವೇ ಈ ವ್ಯತ್ಯಾಸಕ್ಕೆ ಕಾರಣವೆಂದು ಈಗ ತಿಳಿಯಲಾಗಿದೆ.

1896ರಲ್ಲಿ ಅಮೆರಿಕದ ಖಗೋಳಜ್ಞ ಟಿ. ಜೆ. ಜೆ. ಸೀ, ಜೋಡಿಯ ಒಂದು ತಾರೆಯನ್ನು 36 ವರ್ಷಕ್ಕೊಮ್ಮೆ ಸುತ್ತುವ ಕಾಣದ ಕಾಯವಿದೆ ಎಂದು ಪ್ರಕಟಿಸಿದ. 1899ರಲ್ಲಿ ಖಗೋಳಜ್ಞ ಫಾರೆಸ್ಟ್ ಮೌಲ್ಟನ್ ಅದನ್ನು ಪರೀಕ್ಷಿಸಿದ ರೀತಿ ಹೊಸದು: ದೂರದರ್ಶಕವನ್ನು ಮುಟ್ಟದೆ, ಸೀ ಹೇಳಿದಂಥ ಮೂರು ಕಾಯಗಳ ಕೂಟ ಸ್ಥಿರವಾಗಿ ಉಳಿಯಲಾರದೆಂದು ಗಣಿತದಿಂದಲೇ ತೋರಿಸಿದ. ಎರಡು ತಾರೆಗಳ ನಡುವೆ ಗ್ರಹಕ್ಕೆ ಎಲ್ಲಿ ನೆಲೆ ದೊರೆಯಬಹುದು ಎಂಬ ಪ್ರಶ್ನೆಯನ್ನು ಬೆಳೆಸಿದ್ದು ಈ ಜಗಳ. ಈ ಇತಿಹಾಸದ ನಿಜವಾದ ತಿರುವು ಇದೇ.

1943ರಲ್ಲಿ ಖಗೋಳಜ್ಞರಾದ ರಾಯಿಲ್ ಮತ್ತು ಹೋಲ್ಮ್‌ಬರ್ಗ್ ಛಾಯಾಚಿತ್ರಗಳನ್ನು ಆಧರಿಸಿ, ಗುರುವಿನ ಸುಮಾರು ಹತ್ತು ಪಟ್ಟು ತೂಕದ ಕಾಯವನ್ನು ಸೂಚಿಸಿದರು. ಅದೂ ನಿಲ್ಲಲಿಲ್ಲ.

ಜೋಡಿತಾರೆಗಳಲ್ಲಿ ದೈತ್ಯಗ್ರಹಗಳಿರುವುದು ಮಾತ್ರ ನಿಜವಾಯಿತು. ಗಾಮಾ ಸೆಫೈ ಎಂಬ ಜೋಡಿತಾರೆಯಲ್ಲಿ 1988ರಲ್ಲಿ ಸುಳಿವು ಕಂಡು, 1992ರಲ್ಲಿ ಶಂಕೆಗೆ ಒಳಗಾದ ಗ್ರಹ 2003ರಲ್ಲಿ ದೃಢಪಟ್ಟಿತು. ಗುರುವಿಗಿಂತ ಭಾರವಾದ ಅದು ತನ್ನ ತಾರೆಯನ್ನು ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಸುತ್ತುತ್ತದೆ.

ಗ್ರಹದ ಮಾತು ಮೊದಲು ಎದ್ದ ಮದ್ರಾಸ್ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲ್‌ಗೆ ಸಾಗಿತು. ಆ ಪರಂಪರೆಯ ಇಂದಿನ ವಾರಸು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಇನ್ನು ಮೂಲ ಪ್ರಶ್ನೆಗೆ ಬಂದರೆ, 2006ರಲ್ಲಿ ಪ್ರಕಟವಾದ ಟೆಕ್ಸಾಸಿನ ಮೆಕ್‌ಡೊನಾಲ್ಡ್ ವೀಕ್ಷಣಾಲಯದ ಅಳತೆಗಳು 70 ಓಫಿಯೂಕಿಯ ಹತ್ತಿರದ ಕಕ್ಷೆಗಳಲ್ಲಿ ದೈತ್ಯಗ್ರಹಗಳ ಸಾಧ್ಯತೆಯನ್ನು ಬಹುಮಟ್ಟಿಗೆ ತಳ್ಳಿಹಾಕಿವೆ. ಭೂಮಿಯಷ್ಟು ಸಣ್ಣ ಗ್ರಹಗಳು ಆ ಅಳತೆಗಳ ಹಿಡಿತಕ್ಕೆ ಬರುವಂಥವಲ್ಲ.