ಒಂದು ಮಿಲಿಮೀಟರೂ ಇಲ್ಲದ ವಿಮಾನ

ಆಕಾಶದಿಂದ ತೆಗೆದ ಫೋಟೋದಲ್ಲಿ ಮನೆ ಅಕ್ಕಿಕಾಳಿನಷ್ಟು, ಎತ್ತಿನಗಾಡಿ ಸಾಸಿವೆಯಷ್ಟು ಕಾಣಬಹುದು. ಅವುಗಳ ನಿಜವಾದ ಅಳತೆ ತಿಳಿಯಲು ನಾವು ಶಾಲೆಯಲ್ಲಿ ಕಲಿತ ಭಾಗಾಕಾರ ಸಾಕು. ಎರಡನೇ ಮಹಾಯುದ್ಧದಲ್ಲಿ ಲಂಡನ್ ಜನರ ಜೀವ ಇದೇ ಲೆಕ್ಕದ ಮೇಲೆ ನಿಂತಿತ್ತು.

1943. ಜರ್ಮನಿಯ ಬಾಲ್ಟಿಕ್ ಸಮುದ್ರ ತೀರದ ಪೀನೆಮ್ಯುಂಡೆಯಲ್ಲಿ ಹಿಟ್ಲರನ ಕಡೆಯವರು ಗುಟ್ಟಾಗಿ ಹೊಸ ಅಸ್ತ್ರ ತಯಾರಿಸುತ್ತಿದ್ದಾರೆ ಎಂಬ ಸುಳಿವು ಬ್ರಿಟಿಷರಿಗೆ ಸಿಕ್ಕಿತ್ತು. ಅವರ ವಿಮಾನಗಳು ಬಹಳ ಎತ್ತರದಿಂದ ಫೋಟೋ ತೆಗೆದು ತರುತ್ತಿದ್ದವು. ಇಂಗ್ಲೆಂಡಿನ ಮೆಡ್‌ಮೆನ್‌ಹ್ಯಾಮ್‌ನಲ್ಲಿ ಭೂತಗನ್ನಡಿ ಹಿಡಿದು ಅವನ್ನು ಓದುತ್ತಿದ್ದವರಲ್ಲಿ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಒಬ್ಬರು. ವಿಮಾನ ಗುರುತಿಸುವ ವಿಭಾಗಕ್ಕೆ ಅವರೇ ಮುಖ್ಯಸ್ಥೆ.

ಲೆಕ್ಕ ಹೀಗೆ. ವಿಮಾನದ ಎತ್ತರವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಬೇಕು. ಸಂಗಮದೂರ ಅಂದರೆ ಇಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವಿನ ದೂರ ಎಂದುಕೊಳ್ಳೋಣ. ಆಗಿನ ಒಂದು ದೊಡ್ಡ ಲೆನ್ಸಿನದು 36 ಅಂಗುಲ, ಅಂದರೆ 3 ಅಡಿ. ಎತ್ತರ 30,000 ಅಡಿ ಇದ್ದರೆ ಸ್ಕೇಲು 1ಕ್ಕೆ 10,000. ಫೋಟೋದ 1 ಸೆಂಟಿಮೀಟರ್ ನೆಲದ ಮೇಲೆ 100 ಮೀಟರ್. ಎತ್ತರವನ್ನು ಮಾತ್ರ ಆ ಜಾಗದ ನೆಲದಿಂದಲೇ ಎಣಿಸಬೇಕು, ಸಮುದ್ರಮಟ್ಟದಿಂದಲ್ಲ. ಪೀನೆಮ್ಯುಂಡೆ ಸಮುದ್ರದ ಪಕ್ಕದಲ್ಲೇ ಇದ್ದುದರಿಂದ ಎರಡೂ ಒಂದೇ. ನಮ್ಮ ಬೆಂಗಳೂರಾಗಿದ್ದರೆ ಸುಮಾರು 3,000 ಅಡಿ ಕಳೆಯಬೇಕಿತ್ತು, ಸ್ಕೇಲು 1ಕ್ಕೆ 9,000 ಆಗುತ್ತಿತ್ತು. (ಫೋನಿನಲ್ಲಿ ಬೆರಳಿಂದ ಹಿಗ್ಗಿಸಿದ ಚಿತ್ರಕ್ಕೆ ಈ ಲೆಕ್ಕ ಹಾಕಲು ಹೋಗಬೇಡಿ, ಕೆಡುತ್ತದೆ!) ಎತ್ತರ ಗೊತ್ತಿಲ್ಲದಿದ್ದರೆ, ನೆಲದ ಮೇಲಿನ ಉದ್ದ ಗೊತ್ತಿರುವ ರಸ್ತೆಯನ್ನೋ ಸೇತುವೆಯನ್ನೋ ಫೋಟೋದಲ್ಲಿ ಅಳೆದರೂ ಆಯಿತು.

ಆ ವರ್ಷದ ನವೆಂಬರಿನಲ್ಲಿ, ಯುದ್ಧವಿಮಾನಕ್ಕಿಂತಲೂ ಪುಟ್ಟದೊಂದು ವಿಮಾನ ಇದೆಯೇ ಹುಡುಕಿ ಎಂದು ಆಕೆಗೆ ಹೇಳಿದರು. ಹಳೆಯ ಫೋಟೋಗಳನ್ನು ಮತ್ತೆ ಹರಡಿ ನೋಡಿದಾಗ ಶಿಲುಬೆಯಂಥ ಒಂದು ಚುಕ್ಕೆ ಕಂಡಿತು. ಅಳೆದರೆ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 20 ಅಡಿ. ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಕ್ಕೇ ಸುಮಾರು 37 ಅಡಿ ಇತ್ತು. ನಾವು ಮೇಲೆ ಹಾಕಿದ ಸ್ಕೇಲಿನಲ್ಲಿ 20 ಅಡಿ ಎಂದರೆ 0.6 ಮಿಲಿಮೀಟರ್. ಅಳತೆಯೇ ಹೆಸರಾಯಿತು: 'ಪೀನೆಮ್ಯುಂಡೆ 20'.

ನವೆಂಬರ್ 28ರ ಫೋಟೋದಲ್ಲಿ ಅಂಥದೇ ವಿಮಾನ ಇಳಿಜಾರಾದ ಹಳಿಯ ಮೇಲೆ ಹಾರಲು ಸಿದ್ಧವಾಗಿ ಕೂತಿತ್ತು. ಉತ್ತರ ಫ್ರಾನ್ಸಿನಲ್ಲಿ ಲಂಡನ್ನಿನ ದಿಕ್ಕಿಗೆ ಏಳುತ್ತಿದ್ದ ಹಳಿಗಳು ಯಾಕೆಂದು ಆಗ ತಿಳಿಯಿತು. ಡಿಸೆಂಬರಿನಲ್ಲಿ ಅವುಗಳ ಮೇಲೆ ಬಾಂಬ್ ದಾಳಿ ಜೋರಾಯಿತು. ಆದರೂ ಜರ್ಮನ್ನರು ಹೊಸ ನೆಲೆ ಕಟ್ಟಿಕೊಂಡರು. 1944ರ ಜೂನ್ 13ರಂದು ಮೊದಲ ವಿ-1 ಲಂಡನ್ ಮೇಲೆ ಬಿತ್ತು. ಬ್ರಿಟನ್ನಿನಲ್ಲಿ 6,000ಕ್ಕೂ ಹೆಚ್ಚು ಜನ ಅದಕ್ಕೆ ಬಲಿಯಾದರು.

ಅದರ ರೆಕ್ಕೆಯ ನಿಜವಾದ ಅಳತೆ ಸುಮಾರು 17.5 ಅಡಿ. 1ಕ್ಕೆ 10,000 ಸ್ಕೇಲಿನ ಫೋಟೋದಲ್ಲಿ ಆ ಎರಡೂವರೆ ಅಡಿಯ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ.